ಉತ್ತರನ ಕೈಗೆ ವಾಘೆ

ವಿರಾಟಪರ್ವದ ಪಾಠ ಬಂದಾಗಲೆಲ್ಲ ನಾನು ಉತ್ತರಕುಮಾರನನ್ನು ಕಂಡು ನಕ್ಕಿದ್ದೇನೆ, ಹುಡುಗರನ್ನೂ ನಗಿಸಿದ್ದೇನೆ. ಹೆಂಗಳೆಯರ ಮುಂದೆ ಜಂಬ ಕೊಚ್ಚಿಕೊಂಡು ಹೊರಟ ವೀರ, ಕೌರವರ ಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುತ್ತಾನೆ. ಕುಮಾರವ್ಯಾಸನ ಕೈಯಲ್ಲಿ ಆ ಓಟ ಯಾರನ್ನು ತಾನೆ ನಗಿಸದು? ಆದರೆ ಹೋದ ವರ್ಷದ ಒಂದು ರಾತ್ರಿಯಿಂದೀಚೆಗೆ ನನಗೆ ಆ ನಗೆ ಸಲೀಸಾಗಿ ಬರುತ್ತಿಲ್ಲ.

ಅಂದು ನಮ್ಮ ಮೂರು ವರ್ಷದ ಮಗನಿಗೆ ಜ್ವರ ಏರಿ, ಮೈ ಸೆಟೆದು, ಫಿಟ್ಸ್ ಬಂತು. ಮಗುವಿನ ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡದ್ದನ್ನು ಕಂಡು ನಾನು ಮಾಡಿದ್ದೇನು? ಕೈಗೆ ಕಬ್ಬಿಣ ಹಿಡಿಸಬೇಕೆಂದು ಎಂದೋ ಕೇಳಿದ್ದು ನೆನಪಾಗಿ, ಬೀಗದ ಕೈಗೊಂಚಲಿಗಾಗಿ ಮನೆಯೆಲ್ಲ ಓಡಾಡಿದೆ. ಅದು ನನ್ನ ಜೇಬಿನಲ್ಲೇ ಇತ್ತು! ಹೆಂಡತಿಯ ಕೂಗು ಕೇಳಿ ಪಕ್ಕದ ಮನೆಯ ನರ್ಸಮ್ಮ ಬಂದರು. ಮಗುವನ್ನು ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನನ್ನೂ ಇಡಬೇಡಿರೆಂದರು. ಆಮೇಲೆ ನನ್ನತ್ತ ತಿರುಗಿ, “ಮೇಷ್ಟ್ರೇ, ಗಡಿಯಾರ ನೋಡಿ. ಎಷ್ಟು ನಿಮಿಷವಾಯಿತೆಂದು ಹೇಳುತ್ತಿರಿ. ಐದು ದಾಟಿದರೆ ಕಾಯುವಂತಿಲ್ಲ” ಎಂದರು.

“ಹೆದರಬೇಡಿ” ಎಂದು ಅವರು ಹೇಳಲೇ ಇಲ್ಲ. ನಾನು ಮುಳ್ಳನ್ನೇ ನೋಡುತ್ತ ನಿಂತೆ. ಒಂದು. ಎರಡು. ಕೈ ನಡುಗುತ್ತಲೇ ಇತ್ತು. ಆದರೆ ಓಡಾಟ ನಿಂತಿತ್ತು. ಮೂರು ಎನ್ನುವಷ್ಟರಲ್ಲಿ ಮಗುವಿನ ಮೈ ಸಡಿಲಿತು. ಮಗುವನ್ನೆತ್ತಿಕೊಂಡು ಆಸ್ಪತ್ರೆಗೆ ನಡೆದೆವು.

ಬೃಹನ್ನಳೆ ಮಾಡಿದ್ದೂ ಇದನ್ನೇ ಅಲ್ಲವೆ? ಓಡಿದವನನ್ನು ಹಿಡಿದು ತಂದಮೇಲೆ ಬುದ್ಧಿ ಹೇಳಿ ಸುಮ್ಮನಾಗಲಿಲ್ಲ. ಬನ್ನಿಯ ಮರ ಹತ್ತಿಸಿ ಆಯುಧಗಳನ್ನು ಇಳಿಸಿಕೊಂಡಳು. ಕೈಗೆ ವಾಘೆ ಕೊಟ್ಟಳು. ಉತ್ತರನ ಭಯ ಪೂರ್ತಿ ಹೋಗಿತ್ತೆಂದು ನಾನು ನಂಬಲಾರೆ. ಆದರೆ ಕುದುರೆಗಳನ್ನು ನೋಡಿಕೊಳ್ಳಬೇಕಾದವನಿಗೆ ತನ್ನ ಭಯವನ್ನು ನೋಡಿಕೊಳ್ಳಲು ಬಿಡುವೆಲ್ಲಿ?

ಗಾಬರಿಯೆಂದರೆ ಬರಿಯ ಭಯವಲ್ಲ, ಕೆಲಸ ಕಾಣದ ಭಯ ಎಂದು ಈಗ ನನಗೆ ತೋರುತ್ತದೆ. ಮಾಡಲು ಏನೂ ಇಲ್ಲದ ಹೊತ್ತು ಬಂದರೆ? ಆಗಲೂ ಉಸಿರೊಂದು ನಮ್ಮ ವಶದಲ್ಲಿದೆ. ಅದನ್ನು ನಿಧಾನವಾಗಿ ಹೊರಕ್ಕೆ ಬಿಟ್ಟರೆ ಎದೆಬಡಿತವೂ ತುಸು ತಗ್ಗುತ್ತದೆ. ಅದೂ ಒಂದು ವಾಘೆಯೇ.

ಈ ಸಲದ ಪರೀಕ್ಷೆಯಲ್ಲಿ ಹುಡುಗಿಯೊಬ್ಬಳು ಪ್ರಶ್ನೆಪತ್ರಿಕೆ ಹಿಡಿದು ಬೆವರುತ್ತಿದ್ದಳು. ಹಿಂದಾಗಿದ್ದರೆ “ಓದಿದ್ದರೆ ಹೆದರಿಕೆಯೇಕೆ?” ಎಂದು ಮುಂದೆ ಹೋಗುತ್ತಿದ್ದೆ. ಈ ಸಲ ಪಕ್ಕದಲ್ಲಿ ನಿಂತು ಮೆಲ್ಲಗೆ ಹೇಳಿದೆ: “ಮೊದಲು ನಿನ್ನ ನಂಬರು ಬರೆಯಮ್ಮ.”

ಬರೆದಳು.