ಕಡಲಿನ ಏರಿಕೆಯೂ ಮಾನವನ ಹೊಣೆಯೂ

‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಗಾದೆಯನ್ನು ಕೇಳದವರಿಲ್ಲ. ಕರ್ಮವನ್ನು ಮಾಡಿದವನೇ ಅದರ ಫಲವನ್ನು ಉಣ್ಣತಕ್ಕವನೆಂಬ ನಂಬುಗೆಯು ಅನೇಕರನ್ನು ದುರ್ಮಾರ್ಗದಿಂದ ತಡೆದು ನಿಲ್ಲಿಸಿರುವುದು. ಆದರೆ ಮಾಡುವವನೊಬ್ಬನು, ಉಣ್ಣುವವನು ಮತ್ತೊಬ್ಬನು ಆದ ಪಕ್ಷದಲ್ಲಿ ನೀತಿಯ ಗತಿಯೇನು? ಫಲದ ಅಂಜಿಕೆ ಇಲ್ಲದೆಡೆಯಲ್ಲಿಯೂ ಮಾನವನು ಧರ್ಮದಿಂದ ನಡೆಯಬಲ್ಲನೆ? ಜಗತ್ತಿನ ಸಮುದ್ರಗಳು ಮೆಲ್ಲಮೆಲ್ಲನೆ ಏರುತ್ತಿರುವ ಸಂಗತಿಯು ಈ ಪ್ರಶ್ನೆಯನ್ನು ನಮ್ಮ ಮುಂದಿಟ್ಟಿದೆ.

ಕಲ್ಲಿದ್ದಲು, ಪೆಟ್ರೋಲು ಮೊದಲಾದವುಗಳನ್ನು ಉರಿಸಿದಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅನಿಲವು ಭೂಮಿಯ ಶಾಖವು ಆಕಾಶಕ್ಕೆ ಹೋಗದಂತೆ ತಡೆಯುತ್ತದೆ. ಹೀಗೆ ಉಳಿದ ಶಾಖದಲ್ಲಿ ನೂರಕ್ಕೆ ತೊಂಬತ್ತು ಪಾಲು ಕಡಲನ್ನು ಸೇರುವುದು. ಕಾದ ನೀರು ಹಿಗ್ಗುತ್ತದೆ. ಪರ್ವತಗಳ ಹಿಮವೂ, ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾಗಳ ಹಿಮರಾಶಿಯೂ ಕರಗಿ ಅದನ್ನು ಸೇರುತ್ತವೆ. 1901ರಿಂದ 2018ರವರೆಗೆ ಸಮುದ್ರಮಟ್ಟವು ಸುಮಾರು 20 ಸೆಂಟಿಮೀಟರ್ ಏರಿತು. 1971ರವರೆಗೆ ವರ್ಷಕ್ಕೆ ಸರಾಸರಿ 1.3 ಮಿಲಿಮೀಟರ್ ಇದ್ದ ಏರಿಕೆಯು 2006ರಿಂದ 2018ರ ಅವಧಿಯಲ್ಲಿ 3.7 ಮಿಲಿಮೀಟರ್ ಆಗಿದ್ದಿತು.

ಮುಂದೇನಾಗುವುದು? ಹವಾಮಾನ ಬದಲಾವಣೆಯನ್ನು ಕುರಿತ ಅಂತರಸರ್ಕಾರಿ ಮಂಡಳಿಯು 2021ರ ವರದಿಯಲ್ಲಿ ಇದಕ್ಕೆ ಒಂದೇ ಉತ್ತರವನ್ನು ಕೊಡದೆ, ಮಾನವನ ನಡತೆಗೆ ತಕ್ಕಂತೆ ಬೇರೆಬೇರೆ ಉತ್ತರಗಳನ್ನು ಕೊಟ್ಟಿದೆ. ಅನಿಲವನ್ನು ಬೇಗನೆ ತೀರ ಕಡಿಮೆ ಮಾಡಿದರೆ 2100ರ ವೇಳೆಗೆ ಏರಿಕೆಯು 28ರಿಂದ 55 ಸೆಂಟಿಮೀಟರ್. ಹೆಚ್ಚುಹೆಚ್ಚಾಗಿ ಉರಿಸುತ್ತಲೇ ಹೋದರೆ 63 ಸೆಂಟಿಮೀಟರಿನಿಂದ ಒಂದು ಮೀಟರಿನವರೆಗೆ. ಆದರೆ ಕಡಲಿನ ಲೆಕ್ಕವು ಅಲ್ಲಿಗೆ ಮುಗಿಯುವುದಿಲ್ಲ. ಆಳದ ನೀರು ಕಾಯುವುದಕ್ಕೂ, ಹಿಮರಾಶಿ ಕರಗುವುದಕ್ಕೂ ಶತಮಾನಗಳೇ ಬೇಕು. ಮುಂದಿನ 2000 ವರ್ಷಗಳಲ್ಲಿ, ಭೂಮಿಯ ಬಿಸಿ 1.5 ಡಿಗ್ರಿ ಹೆಚ್ಚಿ ನಿಂತರೆ 2ರಿಂದ 3 ಮೀಟರ್, 2 ಡಿಗ್ರಿಗೆ ನಿಂತರೆ 2ರಿಂದ 6 ಮೀಟರ್, 5 ಡಿಗ್ರಿ ಹೆಚ್ಚಿದರೆ 19ರಿಂದ 22 ಮೀಟರ್ ಏರಿಕೆಯಾಗುವುದೆಂದು ಅದು ಎಣಿಸಿದೆ.

ಇದು ಜ್ಯೋತಿಷ್ಯವಲ್ಲ, ಹಣೆಬರಹವೂ ಅಲ್ಲ. ‘ಹೀಗೆ ಮಾಡಿದರೆ ಹೀಗಾಗುವುದು’ ಎಂಬ ಲೆಕ್ಕವಿದು. ಆದುದರಿಂದ ಕರ್ತೃತ್ವವು ನಮ್ಮ ಕೈಯಲ್ಲಿಯೇ ಉಳಿದಿದೆ. ‘ಏನು ಮಾಡಿದರೂ ಕಡಲು ಏರುವುದಲ್ಲ, ಮಾಡಿ ಪ್ರಯೋಜನವೇನು?’ ಎಂದು ಕೆಲವರು ಕೇಳಬಹುದು. ಏರುವುದು ನಿಜ. ಆದರೆ ಮೂರು ಮೀಟರಿಗೂ ಇಪ್ಪತ್ತು ಮೀಟರಿಗೂ ಇರುವ ಅಂತರವು ನಮ್ಮ ಹಾಗೂ ನಮ್ಮ ಮಕ್ಕಳ ನಡತೆಯ ಅಂತರವೇ ಆಗಿದೆ. ‘ಪಂಡಿತರ ಅಂಕಿಗಳೇ ಖಚಿತವಾಗಿಲ್ಲ’ ಎನ್ನುವವರೂ ಉಂಟು. ಮಳೆ ಎಷ್ಟು ಬೀಳುವುದೆಂದು ಅರಿಯದ ಒಕ್ಕಲಿಗನು ಬದು ಹಾಕುವುದನ್ನು ಬಿಡುವನೆ?

ಇನ್ನು ಉಣ್ಣುವವರು ಯಾರೆಂಬುದನ್ನು ನೋಡೋಣ. ಶಾಂತಸಾಗರದಲ್ಲಿ ಟುವಾಲು ಎಂಬ ಒಂಬತ್ತು ದ್ವೀಪಗಳ ಪುಟ್ಟ ದೇಶವಿದೆ. ಜನಸಂಖ್ಯೆ ಸುಮಾರು ಹನ್ನೊಂದು ಸಾವಿರ. ಅಲ್ಲಿಯ ಅತ್ಯುನ್ನತ ಸ್ಥಳವೂ ಕಡಲಿನಿಂದ ಐದು ಮೀಟರಿನಷ್ಟು ಎತ್ತರವಿಲ್ಲ. ಲೋಕದ ಹೊಗೆಯಲ್ಲಿ ಆ ಜನರ ಪಾಲು ಎಣಿಕೆಗೆ ಬಾರದಷ್ಟು ಅಲ್ಪ. ಆದರೂ 2023ರಲ್ಲಿ ಅವರ ಸರ್ಕಾರವು ವರ್ಷಕ್ಕೆ 280 ಜನರ ವರೆಗೆ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಲು ಅವಕಾಶವಾಗುವಂತೆ ಆ ದೇಶದೊಡನೆ ಒಪ್ಪಂದ ಮಾಡಿಕೊಳ್ಳಬೇಕಾಯಿತು. ತಾತಮುತ್ತಾತಂದಿರ ಸಮಾಧಿಗಳಿರುವ ನೆಲವನ್ನು ಬಿಡುವ ಯೋಚನೆಯನ್ನು ಮಾಡಬೇಕಾದವರು ತಪ್ಪು ಮಾಡಿದವರಲ್ಲ. ಇಲ್ಲಿ ನಮ್ಮ ಗಾದೆಯು ಸುಳ್ಳಾಯಿತು.

ನಮ್ಮ ದೇಶದಲ್ಲಿ ತಲೆಗೊಂದರಂತೆ ಬೀಳುವ ಹೊಗೆಯ ಪಾಲು ಲೋಕದ ಸರಾಸರಿಗಿಂತ ಕಡಿಮೆ ಎಂಬುದು ದಿಟ. ಸಿರಿವಂತ ದೇಶಗಳ ಹೊಣೆಯು ಹಿರಿದು. ಒಲೆ ಉರಿಸಲು ಪರದಾಡುವ ಬಡವಳನ್ನು ದೂರುವುದು ಅನ್ಯಾಯ. ಆದರೆ ನೆರೆಯವನ ಸಾಲ ದೊಡ್ಡದೆಂಬ ಮಾತ್ರಕ್ಕೆ ನಮ್ಮ ಸಾಲ ತೀರುವುದಿಲ್ಲ. ನಮ್ಮಲ್ಲಿಯೂ ಬೇಕಾದುದಕ್ಕಿಂತ ಹೆಚ್ಚು ಉರಿಸುವವರಿದ್ದಾರೆ. ಅವರವರ ಪಾಲಿನಷ್ಟು ಹೊಣೆ ಅವರವರದು.

ಹಾಗಾದರೆ, ಎರಡು ಸಾವಿರ ವರ್ಷಗಳ ಮೇಲೆ ಹುಟ್ಟುವವರಿಗೆ ನಾವೇಕೆ ಬದ್ಧರು? ಅವರು ನಮ್ಮನ್ನು ಹೊಗಳಲಾರರು, ತೆಗಳಲಾರರು. ಈ ಪ್ರಶ್ನೆಗೆ ಉತ್ತರವು ನಮ್ಮೂರಿನ ಕೆರೆಯ ಏರಿಯ ಮೇಲೆಯೇ ದೊರೆಯುವುದು. ಶತಮಾನಗಳ ಹಿಂದೆ ಅದನ್ನು ಕಟ್ಟಿದವರು ನಮ್ಮ ಮುಖವನ್ನು ಕಂಡವರಲ್ಲ. ಅವರು ಮಾಡಿದರು, ನಾವು ಉಣ್ಣುತ್ತಿದ್ದೇವೆ. ಮಾಡಿದವನು ಬೇರೆ, ಉಂಡವನು ಬೇರೆ ಎಂಬುದು ಕೇಡಿನ ವಿಷಯದಲ್ಲಿ ನಮಗೆ ಹೊಸದಾಗಿ ತೋರಿದರೂ, ಒಳಿತಿನ ವಿಷಯದಲ್ಲಿ ಅದು ಹಳೆಯ ಸಂಗತಿಯೇ. ಆ ಋಣವನ್ನು ಹಿಂದಿನವರಿಗೆ ತೀರಿಸಲಾಗದು. ಮುಂದಿನವರಿಗೆ ಮಾತ್ರ ತೀರಿಸಬಹುದು.

ದಾಸೋಹದ ಪಂಕ್ತಿಯಲ್ಲಿ ಕುಳಿತವನ ಹೆಸರನ್ನು ಕೇಳಿ ಬಡಿಸುವ ವಾಡಿಕೆಯಿಲ್ಲ. ಇನ್ನೂ ಹುಟ್ಟದಿರುವವರೂ ಆ ಪಂಕ್ತಿಯವರೇ ಎಂದು ತಿಳಿದು, ಮನೆಯ ದೀಪ, ವಾಹನ, ಸಮಾರಂಭಗಳಲ್ಲಿ ಅಗತ್ಯವಾದುದಕ್ಕೆ ನಿಲ್ಲುವುದೂ, ಆಳುವವರಿಂದ ಅದನ್ನೇ ಕೇಳುವುದೂ ಗೃಹಸ್ಥನಿಗೆ ಅಸಾಧ್ಯವೇನಲ್ಲ. ಫಲಕ್ಕೆ ಅಂಜಿ ಒಳಿತು ಮಾಡುವವನು ಒಳ್ಳೆಯವನೇ. ಅಂಜಲು ಕಾರಣವಿಲ್ಲದಿದ್ದರೂ ಮಾಡುವವನು ಅವನಿಗಿಂತ ಹಿರಿಯನು.