ಆಕೆ ಒಪ್ಪಿದ್ದು ಯಾರನ್ನು?

ಪವನ್ ಕುಮಾರ್ ನಿರ್ದೇಶನದ ‘ಲೂಸಿಯಾ’ (2013) ಚಿತ್ರದಲ್ಲಿ, ಟಾಕೀಸಿನಲ್ಲಿ ಟಾರ್ಚ್ ಹಿಡಿದು ಸೀಟು ತೋರಿಸುವ ಯುವಕ ಮಾತ್ರೆ ನುಂಗಿ, ತಾನು ಚಿತ್ರತಾರೆಯಾದಂತೆ ಕನಸು ಕಾಣುತ್ತಾನೆ. ಯಾವುದು ಕನಸು, ಯಾವುದು ನಿಜವೆಂದು ನಾವು ತಡಕಾಡುತ್ತಿರುವಾಗಲೇ ಕಥೆ ತಲೆಕೆಳಗಾಗುತ್ತದೆ: ತಾರೆಯೇ ನಿಜ, ಆ ಬಡ ಯುವಕನೇ ಅವನ ಕನಸು! ಊರಿಗೆಲ್ಲ ಗೊತ್ತಿರುವ ತಾರೆ ಹಂಬಲಿಸಿದ್ದು, ಹೆಸರಿಲ್ಲದಿದ್ದರೂ ಒಲವು ಸಿಗುವ ಸಾಮಾನ್ಯ ಬದುಕಿಗಾಗಿ.

ಪೀಣ್ಯದಲ್ಲಿ ಪಾಳಿ ಮುಗಿಸಿ, ಬೇರೆಯವರ ಕಾರಿನ ಮುಂದೆ ನಿಂತ ಚಿತ್ರವನ್ನು ಇನ್‌ಸ್ಟಾಗ್ರಾಂಗೆ ಹಾಕಿ ಪ್ರೀತಿ ಅರಸುವ ತರುಣನಿಗೂ ಒಲವಿನದೇ ಹಂಬಲ. ಹಂಬಲ ತಪ್ಪಲ್ಲ. ಆದರೆ ಹುಡುಗಿ ಒಪ್ಪಿದ್ದು ಯಾರನ್ನು? ಆ ಚಿತ್ರದಲ್ಲಿರುವವನನ್ನು. ಮೋಸಹೋದವಳು ಆಕೆಯೊಬ್ಬಳೇ ಅಲ್ಲ. ಇವನಿಗೂ ಆ ಪ್ರೀತಿ ತಲುಪಲೇ ಇಲ್ಲ.

ತಂದೆತಾಯಿಗಳೇ, ಮಕ್ಕಳ ಮೊಬೈಲ್ ಕಸಿದುಕೊಳ್ಳುವ ಮುನ್ನ ನಮ್ಮನ್ನೇ ಕೇಳಿಕೊಳ್ಳೋಣ: ಇದ್ದಂತೆಯೇ ಇರಲು ನಮ್ಮ ಮನೆಯಲ್ಲಿ ಅವರಿಗೆ ಎಡೆಯಿದೆಯೇ?