ಗೆಡ್ಡೆಯ ಸಂಚಯ ಮತ್ತು ತ್ಯಾಗದ ಮೇರೆ

ಕಂದಮೂಲ ತ್ಯಾಗವು ನಮ್ಮ ಶ್ರಾವಕರ ಮನೆಗಳಲ್ಲಿ ಪರಂಪರೆಯಿಂದ ನಡೆದುಬಂದ ವ್ರತ. ಮರದ ಹಣ್ಣನ್ನು ತಿನ್ನಬಹುದಾದರೆ ನೆಲದೊಳಗಿನ ಗೆಡ್ಡೆಯೇಕೆ ವರ್ಜ್ಯವೆಂದು ಎಳೆಯರು ಕೇಳಿದಾಗ ‘ಅದು ಅನಂತಕಾಯ’ ಎಂದಷ್ಟೇ ಹೇಳಿ ಮುಗಿಸುವವರೇ ಹೆಚ್ಚು. ಗಿಡದ ಒಳವ್ಯಾಪಾರವನ್ನು ತುಸು ನೋಡುವುದು ಒಳ್ಳೆಯದು.

ಬೇರು ಹೀರಿದ ನೀರೂ ಲವಣಗಳೂ ಕ್ಸೈಲಂ ಎಂಬ ಸೂಕ್ಷ್ಮನಾಳಗಳಲ್ಲಿ ಮೇಲೇರುತ್ತವೆ. ಎಲೆಗಳಿಂದ ನೀರು ಆವಿಯಾಗುತ್ತಿದ್ದಂತೆ, ಒಂದಕ್ಕೊಂದು ಅಂಟಿನಿಂತ ಜಲಕಣಗಳ ಎಳೆಯು ಕೆಳಗಿನಿಂದ ಸೆಳೆಯಲ್ಪಡುತ್ತದೆ. ಡಿಕ್ಸನ್ ಮತ್ತು ಜೋಲಿ ಎಂಬ ವಿಜ್ಞಾನಿಗಳು ಈ ವಿವರಣೆಯನ್ನು 1894ರಲ್ಲಿ ಮಂಡಿಸಿದರು. ಎಲೆಯಲ್ಲಿ ಸಿದ್ಧವಾದ ಸಕ್ಕರೆಯಾದರೋ ಫ್ಲೋಯಂ ಎಂಬ ಬೇರೆ ದಾರಿಯಿಂದ ಇಳಿದು ಗೆಡ್ಡೆಯಲ್ಲಿ ಪಿಷ್ಟವಾಗಿ ನಿಲ್ಲುತ್ತದೆ. ಋತು ಮುಗಿದು ಸುವರ್ಣಗೆಡ್ಡೆಯ ಎಲೆಯೂ ದಂಟೂ ಒಣಗಿ ಮಾಯವಾದರೂ ಗೆಡ್ಡೆಯು ಬೇಸಿಗೆಯುದ್ದಕ್ಕೂ ಆ ಸಂಚಯದಿಂದಲೇ ಜೀವ ಹಿಡಿದಿದ್ದು ಮಳೆಗೆ ಚಿಗುರುತ್ತದೆ. ಉಪವಾಸದಲ್ಲಿ ನಾವೂ ಸುಮಾರು ಒಂದು ದಿನ ಯಕೃತ್ತಿನ ಸಂಚಯದಿಂದ, ಮುಂದೆ ಮುಖ್ಯವಾಗಿ ಕೊಬ್ಬಿನಿಂದ ಬದುಕುವವರೇ. (ಸಂಕಲ್ಪವಿಲ್ಲದ ಹಸಿವು ವ್ರತವಾಗದೆಂಬುದು ಬೇರೆ ಮಾತು.)

ನೇಮಿಚಂದ್ರಾಚಾರ್ಯರು ಗೊಮ್ಮಟಸಾರದ ಜೀವಕಾಂಡದಲ್ಲಿ ಇಂಥ ಸಸ್ಯಗಳ ಲಕ್ಷಣ ಹೇಳುವಾಗ ಮೂರು ಸಂಗತಿಗಳನ್ನು ಗಮನಿಸಿದ್ದಾರೆ: ನರ, ಸಂಧಿ, ಗಿಣ್ಣುಗಳು ಕಾಣದಿರುವುದು; ಮುರಿದರೆ ಸಮವಾಗಿ ಒಡೆಯುವುದು; ಕತ್ತರಿಸಿದರೂ ಮತ್ತೆ ಬೆಳೆಯುವುದು. ಆಲೂಗೆಡ್ಡೆಯನ್ನು ಕೊಯ್ದು ನೋಡಿರಿ. ಬಹುಭಾಗ ಪಿಷ್ಟ ತುಂಬಿದ ಮೆದು ಕೋಶಗಳೇ. ನಾಳಗಳು ಕಣ್ಣಿಗೆ ಅಷ್ಟಾಗಿ ಬೀಳವು. ಕಣ್ಣುಳ್ಳ ಒಂದು ಹೋಳೂ ಹೊಸ ಗಿಡವಾಗಬಲ್ಲದು. ಸೂಕ್ಷ್ಮದರ್ಶಕವಿಲ್ಲದ ಕಾಲದ ಈ ಅವಲೋಕನ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಇಷ್ಟನ್ನು ಓದಿಕೊಂಡ ಹುಮ್ಮಸ್ಸಿನಲ್ಲಿ ನಾನು ಮೊಮ್ಮಗಳಿಗೆ, ‘ಗೆಡ್ಡೆಯೆಂದರೆ ಗಿಡ ತನ್ನ ನಾಳೆಗಾಗಿ ಕಟ್ಟಿಟ್ಟ ಬುತ್ತಿ, ಅದನ್ನು ಕಸಿಯಬಾರದು’ ಎಂದೆ.

‘ಹಾಗಾದರೆ ಅಕ್ಕಿ ಯಾರ ಬುತ್ತಿ, ಅಜ್ಜ?’ ಎಂದಳು.

ಉತ್ತರ ಕೂಡಲೇ ಹೊಳೆಯಲಿಲ್ಲ. ಭತ್ತದ ಕಾಳೂ ಮೊಳಕೆಗೆಂದು ಕೂಡಿಟ್ಟ ಪಿಷ್ಟವೇ ಅಲ್ಲವೇ! ತೆನೆ ಬಲಿತಾಗ ಪೈರು ತಾನಾಗಿ ಹಣ್ಣಾಗುತ್ತದೆ, ಗೆಡ್ಡೆ ಅಗೆದರೆ ಗಿಡವೇ ನಾಶವಾಗುತ್ತದೆ ಎನ್ನೋಣವೆಂದರೆ, ಆಲೂಗೆಡ್ಡೆಯ ಗಿಡವೂ ಗೆಡ್ಡೆ ಬಲಿಯುವ ಹೊತ್ತಿಗೆ ಬಾಡುತ್ತದೆ. ಅಗೆತದಲ್ಲಿ ಮಣ್ಣಿನ ಜೀವಿಗಳಿಗೆ ಆಗುವ ಹಿಂಸೆ ನಿಜ. ಆದರೆ ಗದ್ದೆಯ ಉಳುಮೆಯಲ್ಲಿಯೂ ಅದು ತಪ್ಪಿದ್ದಲ್ಲ. ಆದುದರಿಂದ ಬುತ್ತಿಯ ವಾದವನ್ನು ನಾನು ಕೈಬಿಟ್ಟೆ; ವ್ರತವನ್ನು ಬಿಡಲಿಲ್ಲ. ಧಾನ್ಯವನ್ನೂ ತೊರೆದರೆ ಗೃಹಸ್ಥನ ದೇಹಯಾತ್ರೆ ಸಾಗದು, ಗೆಡ್ಡೆಯನ್ನು ತೊರೆದರೆ ಸಾಗುತ್ತದೆ. ತಪ್ಪಿಸಬಹುದಾದ ಹಿಂಸೆಯನ್ನಾದರೂ ತಪ್ಪಿಸುತ್ತಿದ್ದೇವೆ, ಅಕ್ಕಿಯ ಋಣ ನಮ್ಮ ಮೇಲಿದ್ದೇ ಇದೆ ಎಂದು ಅವಳಿಗೆ ಹೇಳಿದೆ. ಒಪ್ಪಿದಳೋ ಇಲ್ಲವೋ ತಿಳಿಯದು. ತಟ್ಟೆಯಲ್ಲಿ ಅನ್ನ ಬಿಡುವುದನ್ನು ಮಾತ್ರ ನಿಲ್ಲಿಸಿದ್ದಾಳೆ.